ಹೊರಗೆ ಕಾಣದ ಕಾಯಿಲೆ ಇದ್ದರೆ ಡಿಸೇಬಲ್ಡ್ ಪಾರ್ಕಿಂಗ್ ಪರ್ಮಿಟ್ ಕೇಳಬಹುದಾ?

ಅಂಗವಿಕಲರಿಗೆ ಮೀಸಲಿಟ್ಟ ಜಾಗದಲ್ಲಿ ಕಾರು ನಿಲ್ಲಿಸುವ ಪರ್ಮಿಟ್ ತಾನೇ? ಖಂಡಿತ ಕೇಳಬಹುದು. ನಿಮಗೆ ಲೂಪಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಅಮೆರಿಕದಲ್ಲಿದ್ದೀರಿ. ಒಳ್ಳೆಯ ದಿನ ಅರ್ಧ ಗಂಟೆ ಆರಾಮಾಗಿ ನಡೆಯುತ್ತೀರಿ, ಕೆಟ್ಟ ದಿನ ಕಾರಿನಿಂದ ಬಾಗಿಲ ತನಕ ಹೋಗುವಷ್ಟರಲ್ಲೇ ಸಾಕುಸಾಕಾಗುತ್ತದೆ ಎಂದು ಬರೆದಿದ್ದೀರಿ. ವೀಲ್‌ಚೇರ್ ಇಲ್ಲ, ಕೋಲೂ ಇಲ್ಲ, ನೋಡೋಕೆ ಚೆನ್ನಾಗೇ ಇದ್ದೀನಿ, ಅರ್ಜಿ ಹಾಕಿದರೆ ಮೋಸ ಮಾಡಿದ ಹಾಗಲ್ವಾ, ಡಾಕ್ಟರ್ ಹತ್ತಿರ ಹೇಗೆ ಬಾಯಿ ಬಿಡೋದು ಅನ್ನೋದು ನಿಮ್ಮ ಪ್ರಶ್ನೆ. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳು ಊದಿ ನೋಯುವ ಒಂದು ಬಗೆಯ ಸಂಧಿವಾತ. ಪಾದಗಳಲ್ಲೇ ಜಾಸ್ತಿ. ನಾನೂ ನೋಡೋಕೆ ಚೆನ್ನಾಗೇ ಇದ್ದೇನೆ, ನನ್ನ ಕಾರಿನಲ್ಲಿ ನೀಲಿ ಪ್ಲಕಾರ್ಡೂ (ಕನ್ನಡಿಗೆ ನೇತುಹಾಕುವ ಪರ್ಮಿಟ್) ಇದೆ.

ಪರ್ಮಿಟ್‌ಗೆ ಹಾಕುವ ಅರ್ಜಿ ಫಾರ್ಮ್‌ಗೆ ಮುಖ್ಯವಾಗಿ ಬೇಕಾಗಿರುವುದು ನೀವು ಎಷ್ಟು ದೂರ ನಡೆಯಬಲ್ಲಿರಿ ಅನ್ನುವುದು. ಕಾಯಿಲೆಯ ಹೆಸರು ಆಮೇಲಿನ ಮಾತು. 1991ರಲ್ಲಿ ಫೆಡರಲ್ ಸರ್ಕಾರ ಈ ಪಾರ್ಕಿಂಗ್‌ಗೆ ಒಂದು ಮಾದರಿ ನಿಯಮ ಮಾಡಿತು. ಎಷ್ಟೋ ರಾಜ್ಯಗಳ ಫಾರ್ಮ್‌ನಲ್ಲಿ ಇವತ್ತಿಗೂ ಅದರ ಸಾಲುಗಳೇ ಇವೆ. ನಡುವೆ ನಿಂತು ಸುಧಾರಿಸಿಕೊಳ್ಳದೆ 200 ಅಡಿ ನಡೆಯಲು ಆಗದವರು, ಕೋಲು, ಬ್ರೇಸ್ ಅಥವಾ ಇನ್ನೊಬ್ಬರ ಆಸರೆ ಇಲ್ಲದೆ ನಡೆಯಲಾಗದವರು, ಆಕ್ಸಿಜನ್ ಸಿಲಿಂಡರ್ ಜೊತೆಯಲ್ಲೇ ಒಯ್ಯುವವರು, ಶ್ವಾಸಕೋಶದ ಕಾಯಿಲೆಯಿಂದ ಮೊದಲ ಸೆಕೆಂಡಿನಲ್ಲಿ ಒಂದು ಲೀಟರಿಗಿಂತ ಕಡಿಮೆ ಉಸಿರು ಹೊರಹಾಕುವವರು, ಹೃದಯದ ತೊಂದರೆ 3 ಅಥವಾ 4ನೇ ಕ್ಲಾಸ್‌ನಲ್ಲಿರುವವರು (ಅಂದರೆ ಸ್ವಲ್ಪ ಓಡಾಡಿದರೂ ಕಷ್ಟ ಆಗುವಷ್ಟು ತೀವ್ರ), ಸಂಧಿವಾತ, ನರ ಇಲ್ಲವೇ ಮೂಳೆಯ ತೊಂದರೆಯಿಂದ ನಡಿಗೆ ತೀರಾ ಕುಗ್ಗಿದವರು. ಪಟ್ಟಿ ಹೆಚ್ಚುಕಡಿಮೆ ಇಷ್ಟೇ. ಇದರ ಮೇಲೆ ಕೆಲವು ರಾಜ್ಯಗಳು ತಮ್ಮದೂ ಒಂದೆರಡು ಸಾಲು ಸೇರಿಸಿಕೊಂಡಿವೆ.

ಇದರಲ್ಲಿ ಲೂಪಸ್ ಅನ್ನುವ ಹೆಸರು ಎಲ್ಲೂ ಇಲ್ಲ. ಅದಕ್ಕೆ ಹೆದರಬೇಡಿ. ಲೂಪಸ್ ನಿಮ್ಮ ಕೀಲುಗಳನ್ನು ಹಿಡಿದಿದ್ದರೆ ಒಂದು ಸಾಲು ಹೊಂದುತ್ತದೆ, ಶ್ವಾಸಕೋಶಕ್ಕೋ ಹೃದಯಕ್ಕೋ ಬಂದಿದ್ದರೆ ಇನ್ನೊಂದು. ಬರೀ ಸುಸ್ತೇ ಆಗಿದ್ದರೂ 200 ಅಡಿಯ ಸಾಲು ಇದ್ದೇ ಇದೆ. ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆಯವರ ಪಾಡು ಮಾತ್ರ ಬೇರೆ. ಟಾಯ್ಲೆಟ್‌ಗೆ ಅವಸರ ಆಗುವುದರಿಂದ ಅವರಿಗೆ ಬೇಕಾಗಿರುವುದು ಬಾಗಿಲು ಬೇಗ ಸಿಗುವುದು, ಆದರೆ ಫೆಡರಲ್ ಪಟ್ಟಿಯಲ್ಲಿ ಅಂಥ ಸಾಲಿಲ್ಲ. ಇದು ಸರಿಯಲ್ಲ ಅಂತ ನನಗೆ ಯಾವತ್ತೂ ಅನಿಸಿದೆ.

200 ಅಡಿ ಅಂದರೆ ಸುಮಾರು 60 ಮೀಟರ್. ಕೇಳೋಕೆ ಚಿಲ್ಲರೆ ದೂರ. ದೊಡ್ಡ ಅಂಗಡಿಯ ಮುಂದಿನ ಪಾರ್ಕಿಂಗ್ ಲಾಟ್‌ನಲ್ಲಿ ಹಿಂದಿನ ಸಾಲಿನಿಂದ ಹೊರಟರೆ ಬಾಗಿಲು ಸಿಗುವ ಮೊದಲೇ ಅದು ಮುಗಿದಿರುತ್ತದೆ. 'ನಿಂತು ಸುಧಾರಿಸಿಕೊಳ್ಳದೆ' ಅನ್ನುವ ಮಾತನ್ನು ಸರಿಯಾಗಿ ಓದಿ. ನಡುವೆ ಎಲ್ಲೋ ಕಂಬ ಹಿಡಿದು ನಿಂತು, ಮತ್ತೆ ಹೊರಟು, ಹೇಗೋ ತಲುಪಿದೆ ಅಂದರೆ ನೀವು 200 ಅಡಿ ನಡೆದ ಲೆಕ್ಕ ಅಲ್ಲ.

ಹಾಗಾಗಿ ಡಾಕ್ಟರ್ ಹತ್ತಿರ ಹೋಗುವ ಮೊದಲು ನಿಮ್ಮ ನಡಿಗೆಯನ್ನು ಸ್ವಲ್ಪ ದಿನ ಬರೆದಿಡಿ. ಫೋನ್‌ನಲ್ಲಿ ಎರಡು ಸಾಲು ಸಾಕು. ಎಲ್ಲಿಂದ ಹೊರಟಿರಿ, ಎಲ್ಲಿ ನಿಲ್ಲಬೇಕಾಯಿತು, ನಿಲ್ಲಿಸಿದ್ದು ನೋವಾ ಉಸಿರಾ ತಲೆಸುತ್ತಾ, ಮತ್ತೆ ಹೊರಡಲು ಎಷ್ಟು ಹೊತ್ತು ಹಿಡಿಯಿತು, ಮಾರನೇ ದಿನ ಹೇಗಿತ್ತು. ನನ್ನ ಫೋನ್‌ನಲ್ಲಿದ್ದ ಒಂದು ಹೀಗಿದೆ: 'ಬೆಳಿಗ್ಗೆ. ಮೂರನೇ ಮನೆ ಗೇಟ್ ತನಕ. ಎಡಪಾದ, ಬೆರಳಿನ ಬುಡದಲ್ಲಿ ಕಲ್ಲು ತುಳಿದ ಹಾಗೆ. ಗೇಟ್ ಹಿಡ್ಕೊಂಡು ನಿಂತೆ. ವಾಪಸ್ ಬಂದು ಮಲಗಿದೆ.' ಮಾರನೇ ದಿನದ್ದನ್ನು ಬರೆಯೋದು ಮರೆಯಬೇಡಿ. ಲೂಪಸ್‌ನಲ್ಲಿ ಎಷ್ಟೋ ಸಲ ನಡೆದ ದಿನ ಏನೂ ಅನಿಸುವುದಿಲ್ಲ, ಮಾರನೇ ದಿನ ಹಾಸಿಗೆಯಿಂದ ಏಳೋಕೆ ಆಗುವುದಿಲ್ಲ, ಅಲ್ವಾ? ಒಳ್ಳೆಯ ದಿನಗಳನ್ನೂ ಬರೆಯಿರಿ. ಬರೀ ಕೆಟ್ಟ ದಿನಗಳ ಪಟ್ಟಿ ತೋರಿಸಿದರೆ ಯಾರೂ ನಂಬುವುದಿಲ್ಲ. ಮತ್ತೆ, ಅಳತೆ ಮಾಡಬೇಕು ಅಂತ ಹಟ ಹಿಡಿದು ಜಾಸ್ತಿ ನಡೆಯಬೇಡಿ. ನಿಲ್ಲಬೇಕು ಅನಿಸಿದ ಕಡೆ ನಿಂತುಬಿಡಿ, ಅದೇ ಅಳತೆ.

ಈಗ ಡಾಕ್ಟರ್ ವಿಷಯ. ಅವರು ನಮ್ಮ ನಡಿಗೆ ನೋಡುವುದೇ ಇಲ್ಲ. ನಾವು ಕುರ್ಚಿಯಲ್ಲಿ ಕೂತ ಮೇಲೆ ಅವರು ಒಳಗೆ ಬರುತ್ತಾರೆ. ನನ್ನ ಕಾಯಿಲೆಯಲ್ಲಿ ಬೆಳಗಿನ ಹೊತ್ತು ಕೀಲುಗಳು ಒಂದು ಗಂಟೆಗೂ ಜಾಸ್ತಿ ಬಿಗಿದುಕೊಂಡಿರುತ್ತವೆ. ಅಪಾಯಿಂಟ್‌ಮೆಂಟ್ ಮಧ್ಯಾಹ್ನ ಸಿಕ್ಕರೆ ಅಷ್ಟು ಹೊತ್ತಿಗೆ ಎಲ್ಲ ಸಡಿಲವಾಗಿ, ನಾನೇ ನಗುನಗುತ್ತಾ ಕೂತಿರುತ್ತೇನೆ. ಅದರ ಮೇಲೆ, ಹೇಗಿದ್ದೀರಿ ಅಂದರೆ 'ಪರವಾಗಿಲ್ಲ' ಅನ್ನೋದು ನಮ್ಮ ಬಾಯಿಗೆ ಅಂಟಿಕೊಂಡ ಮಾತು. ಅವರು ಅದನ್ನೇ ಬರೆದುಕೊಳ್ಳುತ್ತಾರೆ. ಆಮೇಲೆ ಪರ್ಮಿಟ್ ಬೇಕು ಅಂದರೆ ಅವರಿಗೂ ಗೊಂದಲ ಆಗುವುದು ಸಹಜ.

'ಪರ್ಮಿಟ್ ಕೊಡ್ತೀರಾ' ಅಂತ ಶುರು ಮಾಡಬೇಡಿ. 'ಇಷ್ಟು ದೂರ ನಡೆದರೆ ನಾನು ನಿಲ್ಲಲೇಬೇಕಾಗುತ್ತದೆ, ವಾರದಲ್ಲಿ ಇಷ್ಟು ದಿನ ಹೀಗಿರುತ್ತದೆ, ಈ ಫಾರ್ಮ್‌ನ ಯಾವ ಸಾಲು ನನಗೆ ಹೊಂದುತ್ತದೆ ನೋಡಿ' ಅನ್ನಿ. ಆಗ ಅವರು ನಿಮ್ಮ ಮೇಲೆ ದಯೆ ತೋರಿಸುವ ಪ್ರಶ್ನೆಯೇ ಬರುವುದಿಲ್ಲ, ಫಾರ್ಮ್ ಓದಿ ಟಿಕ್ ಹಾಕುವುದಷ್ಟೇ ಕೆಲಸ. ಎದುರಿಗೆ ಹೇಳೋಕೆ ಸಂಕೋಚ ಆದರೆ ಪೇಷಂಟ್ ಪೋರ್ಟಲ್‌ನಲ್ಲಿ (ಆಸ್ಪತ್ರೆಯ ವೆಬ್‌ಸೈಟಿನಲ್ಲಿರುವ ನಿಮ್ಮ ಖಾತೆ) ಮೊದಲೇ ಮೆಸೇಜ್ ಹಾಕಿ, ಬರೆದಿಟ್ಟಿದ್ದನ್ನೂ ಕಳಿಸಿ. ಸಹಿಗೆ ದೊಡ್ಡ ಸ್ಪೆಷಲಿಸ್ಟೇ ಆಗಬೇಕು ಅಂತಿಲ್ಲ. ಫ್ಯಾಮಿಲಿ ಡಾಕ್ಟರ್ ಸಾಕು, ಅನೇಕ ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ತರಬೇತಿ ಪಡೆದು ತಾವೇ ರೋಗಿಗಳನ್ನು ನೋಡುವ ನರ್ಸ್) ಸಹಿಯೂ ನಡೆಯುತ್ತದೆ. ನಿಮ್ಮನ್ನು ಚೆನ್ನಾಗಿ ಬಲ್ಲವರನ್ನು ಕೇಳಿ.

'ನಡೆದರೆ ನಿಮಗೇ ಒಳ್ಳೆಯದು' ಅನ್ನುವ ಮಾತು ಬರಬಹುದು. ನನಗೆ ಒಬ್ಬ ಡಾಕ್ಟರ್ ಹಾಗೇ ಹೇಳಿ ಫಾರ್ಮ್ ವಾಪಸ್ ಕೊಟ್ಟಿದ್ದರು. ವ್ಯಾಯಾಮ ಒಳ್ಳೆಯದು, ಸಂಶಯವೇ ಇಲ್ಲ. ಆದರೆ ನನಗೆ ಬೇಕಾದಾಗ, ಸಾಕು ಅನಿಸಿದ ಕೂಡಲೇ ನಿಲ್ಲಿಸುವ ಹಾಗಿದ್ದರೆ ಅದು ವ್ಯಾಯಾಮ. ಕೈಯಲ್ಲಿ ಚೀಲ ಹಿಡಿದು, ಬಿಸಿಲಲ್ಲಿ, ಕೂರಲು ಒಂದು ಬೆಂಚೂ ಇಲ್ಲದ ಲಾಟ್ ದಾಟುವುದು ಯಾವ ವ್ಯಾಯಾಮ? ನಿಮಗಂತೂ ಬಿಸಿಲೇ ಶತ್ರು. ಲೂಪಸ್ ಇರುವ ಎಷ್ಟೋ ಜನರಿಗೆ ಬಿಸಿಲು ತಾಗಿದರೆ ಕಾಯಿಲೆ ಕೆರಳುತ್ತದೆ. ಇದನ್ನು ಡಾಕ್ಟರ್‌ಗೆ ನೆನಪಿಸಿ.

ಕಾಯಿಲೆ ಆಗಾಗ ಕೆರಳಿ ಆಮೇಲೆ ತಣ್ಣಗಾಗುತ್ತದೆ ಅನ್ನುವವರಿಗೆ ತಾತ್ಕಾಲಿಕ ಪ್ಲಕಾರ್ಡೂ ಒಂದು ದಾರಿ. ಫೆಡರಲ್ ಮಾದರಿಯಲ್ಲಿ ಅದು ಕೆಂಪು ಬಣ್ಣದ್ದು, ಹೆಚ್ಚೆಂದರೆ 6 ತಿಂಗಳು. ಡಾಕ್ಟರ್ ಹಿಂದೆಮುಂದೆ ನೋಡುತ್ತಿದ್ದರೆ ಇದನ್ನು ಕೇಳಿ ನೋಡಿ. ಅವರಿಗೂ ಸಹಿ ಹಾಕೋಕೆ ಸುಲಭ, ನಿಮಗೂ ಇದರಿಂದ ಎಷ್ಟು ಉಪಯೋಗ ಅಂತ ತಿಳಿಯುತ್ತದೆ.

ಫಾರ್ಮ್ ನಿಮ್ಮ ರಾಜ್ಯದ ಡಿಎಂವಿ, ಅಂದರೆ ವಾಹನ ಮತ್ತು ಲೈಸೆನ್ಸ್ ನೋಡಿಕೊಳ್ಳುವ ಆಫೀಸಿನ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕೆಲವು ಕಡೆ ಆ ಆಫೀಸಿಗೆ ಬೇರೆ ಹೆಸರಿದೆ. ನಿಮ್ಮ ಭಾಗ ಚಿಕ್ಕದು, ಹೆಸರು ವಿಳಾಸದಂಥ ವಿವರ ಅಷ್ಟೇ. ಡಾಕ್ಟರ್ ಭಾಗ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ: ಟಿಕ್ ಬಿದ್ದಿದೆಯಾ, ಪರ್ಮನೆಂಟಾ ತಾತ್ಕಾಲಿಕವಾ ಬರೆದಿದ್ದಾರಾ, ಸಹಿ, ತಾರೀಖು, ಲೈಸೆನ್ಸ್ ನಂಬರ್ ಇದೆಯಾ. ಒಂದು ಖಾಲಿ ಬಿಟ್ಟರೂ ಸುಮ್ನೆ ಮತ್ತೆ ಅಲೆಯಬೇಕಾಗುತ್ತದೆ. ನಿಮಗೆ ಡ್ರೈವಿಂಗ್ ಬರದಿದ್ದರೂ ಅರ್ಜಿ ಹಾಕಬಹುದು, ಪ್ಲಕಾರ್ಡ್ ಕಾರಿಗಲ್ಲ, ನಿಮಗೆ ಸೇರಿದ್ದು. ಯಾರ ಕಾರಿನಲ್ಲಿ ಹೋದರೂ ತೆಗೆದುಕೊಂಡು ಹೋಗಿ, ಬೇರೆ ರಾಜ್ಯಕ್ಕೆ ಹೋದರೂ ನಡೆಯುತ್ತದೆ. ಅದೇ ಕಾರಣಕ್ಕೆ ನೀವು ಮನೆಯಲ್ಲಿದ್ದಾಗ ಮನೆಯವರು ಅದನ್ನು ಬಳಸುವ ಹಾಗಿಲ್ಲ. ಪರ್ಮನೆಂಟ್ ಅಂದರೂ ಮುಗಿಯುವ ತಾರೀಖು ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಾದರೆ ಅದು ಬೆಸ ಸಂಖ್ಯೆಯ ವರ್ಷದ ಜೂನ್ 30. ಕಾರು ನಿಲ್ಲಿಸಿದ ಮೇಲೆ ಕನ್ನಡಿಗೆ ನೇತುಹಾಕಿ, ಹೊರಡುವಾಗ ತೆಗೆದಿಡಿ. ಪಕ್ಕದ ಗೆರೆ ಎಳೆದ ಜಾಗದ ಮೇಲೆ ಚಕ್ರ ಹತ್ತಿಸಲೇಬೇಡಿ. ಅದು ಕನಿಷ್ಠ 5 ಅಡಿ ಇರಬೇಕು ಅಂತ ನಿಯಮ ಇರುವುದೇ ವೀಲ್‌ಚೇರ್ ಇಳಿಸಲಿ ಅಂತ.

ಇನ್ನು ಮೋಸದ ಮಾತು. ನಿಮಗಿಂತ ಕಷ್ಟದಲ್ಲಿರುವವರು ಇದ್ದೇ ಇರುತ್ತಾರೆ, ಆದರೆ ಅತೀ ಕಷ್ಟದವರಿಗೆ ಮಾತ್ರ ಅಂತ ಯಾವ ನಿಯಮವೂ ಹೇಳುವುದಿಲ್ಲ. ಸಾಲು ಹೊಂದಿದರೆ ಹಕ್ಕು ಇದೆ. ಆರಾಮಾಗಿರುವ ದಿನ ನಾನು ಸಾಮಾನ್ಯ ಜಾಗದಲ್ಲೇ ನಿಲ್ಲಿಸುತ್ತೇನೆ. ಅದು ನನ್ನ ಇಷ್ಟ, ಕಾನೂನೇನೂ ಇಲ್ಲ. ನೀವು ಹಾಗೆ ಮಾಡುವುದಾದರೆ ವಾಪಸ್ ಬರುವ ದಾರಿಯನ್ನೂ ಲೆಕ್ಕ ಹಾಕಿ. ಹೋಗುವಾಗ ಇದ್ದ ಕಾಲು ಬರುವಾಗ ಇರುವುದಿಲ್ಲ.

ಜನ ನೋಡುತ್ತಾರೆ. ಯಾರಾದರೂ 'ನಿಮಗೇನಾಗಿದೆ' ಅಂತಲೂ ಕೇಳಬಹುದು. ದಾರಿಹೋಕರಿಗೆ ಕಾಯಿಲೆಯ ವಿವರ ಒಪ್ಪಿಸಬೇಕಾಗಿಲ್ಲ. ನಾನು 'ಪರ್ಮಿಟ್ ಇದೆ' ಅಂದು ಮುಂದೆ ಹೋಗುತ್ತೇನೆ. ಪೊಲೀಸರೋ ಪಾರ್ಕಿಂಗ್ ಸಿಬ್ಬಂದಿಯೋ ಕೇಳಿದರೆ ಬೇರೆ ಮಾತು. ಪರ್ಮಿಟ್ ಜೊತೆ ರಾಜ್ಯದವರು ಕಾರ್ಡೋ ರಸೀದಿಯೋ ಕೊಟ್ಟಿದ್ದರೆ ಅದನ್ನು ಕಾರಿನಲ್ಲೇ ಇಟ್ಟುಕೊಂಡಿರಿ.

ಮೊದಲ ಡಾಕ್ಟರ್ ಆಗಲ್ಲ ಅಂದರೆ ಯಾವ ಸಾಲು ಹೊಂದಲಿಲ್ಲ ಅಂತ ಕೇಳಿ ಬರೆದುಕೊಳ್ಳಿ. ಎರಡನೆಯವರ ಹತ್ತಿರ ಅಲ್ಲಿಂದಲೇ ಮಾತು ಶುರು ಮಾಡಬಹುದು. ನನಗೆ ಸಹಿ ಸಿಕ್ಕಿದ್ದು ಹಾಗೆಯೇ.