ಬಾಯಿಪಾಠ ಮಾಡಿದರೆ ಓರಲ್ ಪಾಸಾಗುತ್ತದಾ?

ಪ್ರಶ್ನೆ: ಅಮೆರಿಕದಲ್ಲಿ ಪೈಲಟ್ ತರಬೇತಿಯಲ್ಲಿದ್ದೇನೆ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ), ಅದರ ಬೆನ್ನಲ್ಲೇ ಕಮರ್ಷಿಯಲ್ (ದುಡ್ಡಿಗೆ ವಿಮಾನ ಹಾರಿಸುವ ಲೈಸೆನ್ಸ್) ಪರೀಕ್ಷೆ ಇದೆ. ಹಾರಾಟಕ್ಕೆ ಹೆದರಿಕೆ ಇಲ್ಲ, ಓರಲ್, ಅಂದರೆ ಮೌಖಿಕ ಪರೀಕ್ಷೆ, ನೆನೆದರೆ ಮಾತ್ರ ಬಾಯಿ ಒಣಗುತ್ತದೆ. ನಿಯಮಗಳನ್ನೆಲ್ಲ ಬಾಯಿಪಾಠ ಮಾಡುತ್ತಿದ್ದೇನೆ. ಸಾಕಾ?

ಉತ್ತರ: ಸಾಕಾಗಲ್ಲ. ಎಕ್ಸಾಮಿನರ್ ನಿಯಮ ಒಪ್ಪಿಸಿ ಅನ್ನುವುದು ಕಡಿಮೆ, ಒಂದು ಸನ್ನಿವೇಶ ಕೊಟ್ಟು ಏನು ಮಾಡುತ್ತೀರಿ ಅನ್ನುವುದೇ ಜಾಸ್ತಿ. ನೀವು ಇಳಿಯುವ ಹೊತ್ತಿಗೆ ಅಲ್ಲಿ ಮೋಡ 1,800 ಅಡಿಯಲ್ಲಿ, 5 ಮೈಲಿವರೆಗೆ ಕಾಣುತ್ತದೆ ಅಂತ ಮುನ್ಸೂಚನೆ ಇದೆ ಅಂದುಕೊಳ್ಳಿ. ತಲುಪುವ ಹೊತ್ತಿಗೆ 1 ಗಂಟೆ ಹಿಂದೆಮುಂದೆ ಮೋಡ 2,000 ಅಡಿಗಿಂತ ಕೆಳಗಿದ್ದರೆ, ಇಲ್ಲವೇ 3 ಮೈಲಿಗಿಂತ ಕಡಿಮೆ ಕಾಣುವಂತಿದ್ದರೆ, ಆಲ್ಟರ್ನೇಟ್, ಅಂದರೆ ಅಲ್ಲಿ ಇಳಿಯಲಾಗದಿದ್ದರೆ ಹೋಗಲು ಇನ್ನೊಂದು ವಿಮಾನ ನಿಲ್ದಾಣ, ಬೇಕು. ಅಂದರೆ ಇಲ್ಲಿ ಬೇಕೇ ಬೇಕು. ಅಷ್ಟಕ್ಕೆ ನಿಲ್ಲಿಸಬೇಡಿ. ಇಳಿಯುವ ಜಾಗದವರೆಗೆ, ಅಲ್ಲಿಂದ ಆಲ್ಟರ್ನೇಟ್‌ವರೆಗೆ, ಅದರ ಮೇಲೆ ಇನ್ನೂ 45 ನಿಮಿಷಕ್ಕೆ ಇಂಧನ ಇದೆಯಾ ಅಂತ ನಿಮ್ಮದೇ ವಿಮಾನದ ಲೆಕ್ಕ ಹಾಕಿ ತೋರಿಸಿ. ನಿಯಮ ಗೊತ್ತಿದ್ದೂ ಈ ಎರಡನೇ ಹೆಜ್ಜೆಯಲ್ಲೇ ತಡವರಿಸುವುದು ಸುಲಭ.

ಕಮರ್ಷಿಯಲ್‌ನಲ್ಲಿ ಕಷ್ಟದ ಭಾಗ ದುಡ್ಡಿನದು. ಒಂದು ಕಂಪನಿ ತನ್ನದೇ ವಿಮಾನದಲ್ಲಿ ತನ್ನ ಕೆಲಸದವರನ್ನು ಕರೆದೊಯ್ಯಲು ನಿಮಗೆ ಸಂಬಳ ಕೊಟ್ಟರೆ ತೊಂದರೆ ಇಲ್ಲ. ಆದರೆ ನೀವೇ ವಿಮಾನ ಬಾಡಿಗೆಗೆ ತಂದು, ಯಾರು ಬೇಕಾದರೂ ಬನ್ನಿ, ದುಡ್ಡು ಕೊಟ್ಟರೆ ಕರೆದೊಯ್ಯುತ್ತೇನೆ ಅಂತ ಜಾಹೀರಾತು ಹಾಕಿದರೆ ಅದು ಬೇರೆಯೇ ವ್ಯವಹಾರ, ಅದಕ್ಕೆ ಆಪರೇಟರ್ ಸರ್ಟಿಫಿಕೇಟ್ (ವಿಮಾನ ಸೇವೆ ನಡೆಸುವ ಅನುಮತಿ) ಬೇಕು, ನಿಮ್ಮ ಲೈಸೆನ್ಸ್ ಒಂದೇ ಸಾಲದು. ಅದಕ್ಕೇ ಇಂಥ ಪ್ರಶ್ನೆ ಬಂದಾಗ ಮೊದಲು ಎರಡು ವಿಷಯ ಕೇಳಿಕೊಳ್ಳಿ: ವಿಮಾನ ಯಾರದು, ಪ್ರಯಾಣಿಕರನ್ನು ಕರೆದವರು ಯಾರು? ಎರಡು ಪರೀಕ್ಷೆಗೂ ನಂಟಿದೆ, ಅದನ್ನೂ ಕೇಳಬಹುದು. ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದ ಕಮರ್ಷಿಯಲ್ ಪೈಲಟ್ ದುಡ್ಡಿಗಾಗಿ ಪ್ರಯಾಣಿಕರನ್ನು ರಾತ್ರಿ ಹಾರಿಸುವಂತಿಲ್ಲ, ಕ್ರಾಸ್ ಕಂಟ್ರಿಯಲ್ಲಿ (ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವಾಗ) 50 ನಾಟಿಕಲ್ ಮೈಲಿ ದಾಟುವಂತಿಲ್ಲ.

ವಿಮಾನದ ಲಾಗ್‌ಬುಕ್‌ಗಳನ್ನು ಹಿಂದಿನ ದಿನವೇ ತೆರೆದು ನೋಡಿ. ವಾರ್ಷಿಕ ತಪಾಸಣೆ, 24 ತಿಂಗಳಿಗೊಮ್ಮೆ ಆಗಬೇಕಾದ ಆಲ್ಟಿಮೀಟರ್ (ಎತ್ತರ ತೋರಿಸುವ ಉಪಕರಣ) ಮತ್ತು ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಸಾಧನ) ಪರೀಕ್ಷೆ, ವಿಒಆರ್ (ರೇಡಿಯೊ ಸಂಕೇತದಿಂದ ದಾರಿ ತೋರಿಸುವ ವ್ಯವಸ್ಥೆ) ಬಳಸುವುದಾದರೆ 30 ದಿನದೊಳಗಿನ ಪರೀಕ್ಷೆ, ಎಲ್ಲ ಪುಟಕ್ಕೂ ಚೀಟಿ ಅಂಟಿಸಿಡಿ.

ಗೊತ್ತಿಲ್ಲದ್ದನ್ನು ಸುಮ್ನೆ ಊಹಿಸಿ ಹೇಳಬೇಡಿ. ಪುಸ್ತಕದಲ್ಲಿ ನೋಡಿ ಹೇಳುತ್ತೇನೆ ಅನ್ನಿ, ಬೇಗ ಹುಡುಕಿ ತೆಗೆಯಿರಿ. ಆದರೆ ಮೋಡದೊಳಗೆ ರೇಡಿಯೊ ಕೈಕೊಟ್ಟರೆ ಯಾವ ದಾರಿ, ಯಾವ ಎತ್ತರ ಅನ್ನುವುದು ತಲೆಯಲ್ಲೇ ಇರಬೇಕು, ಅಲ್ಲಿ ಪುಟ ತಿರುಗಿಸಲು ಹೊತ್ತಿರುವುದಿಲ್ಲ ಅಲ್ವಾ?

ಇನ್ನು ಓದುವುದನ್ನು ಸ್ವಲ್ಪ ಕಡಿಮೆ ಮಾಡಿ, ದಿನಾ ಒಂದು ಗಂಟೆ ಜೋರಾಗಿ ಮಾತಾಡಿ ಉತ್ತರಿಸಿ. ನಿಮ್ಮ ಇನ್‌ಸ್ಟ್ರಕ್ಟರ್ ಪ್ರಶ್ನೆಗಳು ನಿಮಗೆ ಆಗಲೇ ಅಭ್ಯಾಸವಾಗಿರುತ್ತವೆ, ಆದ್ದರಿಂದ ಒಂದೆರಡು ಸಲ ಬೇರೆ ಇನ್‌ಸ್ಟ್ರಕ್ಟರ್ ಎದುರು ಕೂರಿ.