ಮೀನಖಂಡ ಹಿಡಿದುಕೊಂಡಿದ್ದೋ, ಹರಿದಿದ್ದೋ?

ಓಡುವಾಗ ಮೀನಖಂಡ ನೋಯಲು ಶುರುವಾಯಿತು, ಸ್ನಾಯು ಹರಿದಿದೆಯೋ ಬರೀ ಹಿಡಿದುಕೊಂಡಿದೆಯೋ ತಿಳಿಯುವುದು ಹೇಗೆ ಅಂತ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್, ನೋಡುವುದು ಜಾಸ್ತಿ ಓಟಗಾರರನ್ನೇ.

ಬರೀ ಹಿಡಿದುಕೊಂಡಿದ್ದರೆ ಸ್ನಾಯು ಗಂಟು ಕಟ್ಟಿದಂತಾಗುತ್ತದೆ, ಪಾದವನ್ನು ಮೇಲಕ್ಕೆ ಎಳೆದು ಹಿಡಿದರೆ ಸ್ವಲ್ಪ ಹೊತ್ತಿಗೆ ಬಿಡುತ್ತದೆ. ಹರಿದಿದ್ದರೆ ಮರುದಿನವೂ ತುದಿಗಾಲಲ್ಲಿ ನಿಂತಾಗ ಅದೇ ಜಾಗ ನೋಯುತ್ತದೆ.

ಆದರೆ ಮೊದಲು ಎರಡು ಅಪಾಯ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಹಿಂದಿನಿಂದ ಯಾರೋ ಒದ್ದ ಹಾಗೆ ಅನ್ನಿಸಿತಾ? ಹಾಗಿದ್ದರೆ ಪಾದ ಮಂಚದ ಅಂಚಿನಿಂದ ಆಚೆ ಇರುವಂತೆ ಬೋರಲು ಮಲಗಿ, ಮೀನಖಂಡವನ್ನು ಯಾರಿಂದಲಾದರೂ ಹಿಂಡಿಸಿ. ಪಾದ ಅಲುಗದಿದ್ದರೆ ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಗಟ್ಟಿ ನಾರು, ಅಂದರೆ ಅಕಿಲಿಸ್ ಟೆಂಡನ್, ಹರಿದಿರಬಹುದು. ಇನ್ನೊಂದು, ಏಟೇ ಬೀಳದೆ ಒಂದೇ ಕಾಲು ಊದಿ ಬೆಚ್ಚಗಾಗಿದ್ದರೆ, ಅದೂ ದೂರದ ಪ್ರಯಾಣವೋ ಆಪರೇಷನ್ನೋ ಆದ ಮೇಲೆ, ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬೇಡಿ. ಎರಡರಲ್ಲಿ ಯಾವುದೇ ಆದರೂ ಅದೇ ದಿನ ಡಾಕ್ಟರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟುತ್ತಿದ್ದರೆ ನೇರ ಎಮರ್ಜೆನ್ಸಿಗೆ.

ಇವೆರಡೂ ಅಲ್ಲ ಎಂದಾದರೆ ನೋವು ಬಂದ ಬಗೆಯೇ ಅರ್ಧ ಉತ್ತರ. ಜೋರು ಓಟದಲ್ಲೋ ನೆಗೆತದಲ್ಲೋ ಥಟ್ಟನೆ ಚುಚ್ಚಿದ್ದರೆ ಸಾಮಾನ್ಯವಾಗಿ ಹರಿದಿರುವುದು ಗ್ಯಾಸ್ಟ್ರಾಕ್ನೀಮಿಯಸ್, ಅಂದರೆ ಮೀನಖಂಡದ ಮೇಲ್ಪದರದ ಸ್ನಾಯು, ಅದರಲ್ಲೂ ಮೀನಖಂಡದ ಒಳಬದಿಯಲ್ಲಿ. ಕೆಲವು ದಿನಕ್ಕೆ ಕಣಕಾಲಿನ ಹತ್ತಿರ ಕಂದು ಕಲೆ ಇಳಿದರೆ ಗಾಬರಿ ಬೇಡ, ಮೇಲೆ ಸೋರಿದ ರಕ್ತ ಅದು.

ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವುದು ಅದರ ಅಡಿಯಲ್ಲಿರುವ ಇನ್ನೊಂದು ಸ್ನಾಯು, ಸೋಲಿಯಸ್. ಅದು ಥಟ್ಟನೆ ಚುಚ್ಚುವುದು ಕಡಿಮೆ, ದಿನದಿಂದ ದಿನಕ್ಕೆ ಬಿಗಿಯಾಗುತ್ತಾ ಹೋಗುತ್ತದೆ. ಸುಮ್ನೆ ಬಿಗಿತ ಅಂದುಕೊಂಡು ಓಡುತ್ತಲೇ ಇರುತ್ತಾರೆ, ಗಾಯ ದೊಡ್ಡದಾಗುತ್ತದೆ. ಪತ್ತೆಗೆ ಸುಲಭ ದಾರಿ ಇದೆ. ಗ್ಯಾಸ್ಟ್ರಾಕ್ನೀಮಿಯಸ್ ಮಂಡಿ ದಾಟಿ ಮೇಲೆ ಹೋಗುತ್ತದೆ, ಸೋಲಿಯಸ್ ಮಂಡಿಯ ಕೆಳಗೇ ನಿಲ್ಲುತ್ತದೆ. ಹಾಗಾಗಿ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಂತು, ಮಂಡಿ ನೇರ ಇಟ್ಟು ಹಿಮ್ಮಡಿ ಎತ್ತಿ. ಆಮೇಲೆ ಮಂಡಿ ಬಾಗಿಸಿ ಎತ್ತಿ. ನೇರ ಇದ್ದಾಗಲೇ ಜಾಸ್ತಿ ನೋವೆಂದರೆ ಗ್ಯಾಸ್ಟ್ರಾಕ್ನೀಮಿಯಸ್, ಬಾಗಿಸಿದಾಗ ಜಾಸ್ತಿ ನೋವೆಂದರೆ ಸೋಲಿಯಸ್ ಮೇಲೆ ಅನುಮಾನ. ಅಲ್ಟ್ರಾಸೌಂಡಿನಲ್ಲಿ ಸೋಲಿಯಸ್ ಗಾಯ ಎಷ್ಟೋ ಸಲ ಕಾಣುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂದೂ ನೋವು ಹೋಗದಿದ್ದರೆ ಎಂಆರ್‌ಐ ಬೇಕಾ ಎಂದು ಡಾಕ್ಟರನ್ನು ಕೇಳಿ.

ಮೊದಲ 2-3 ದಿನ ಮಸಾಜ್, ಬಿಸಿ ಶಾಖ ಬೇಡ. ನೋವಿಲ್ಲದೆ ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವ ಲೆಕ್ಕ ಇನ್ನೊಂದು ಕಾಲಿಗೆ ಸಮ ಬಂದು, ಕುಂಟಿ ಹಾರುವುದಕ್ಕೂ ಆಗುವವರೆಗೆ ಓಟಕ್ಕೆ ಇಳಿಯಬೇಡಿ. ಮಂಡಿ ಬಾಗಿಸಿದಾಗ ಏನಾಯಿತು ಅಂತ ಬರೆಯಿರಿ.