ಸಣ್ಣ ಕ್ರೈಸ್ತ ಸಭೆಗೆ ಥಿಯೋಲಾಜಿಕಲ್ ಕಾಲೇಜಿನ ಕೇಂದ್ರಗಳಿಂದ ಏನು ಉಪಯೋಗ?

ನಮಸ್ಕಾರ. ಪಾದ್ರಿಗಳಾಗುವವರನ್ನು ತಯಾರು ಮಾಡುವ ಥಿಯೋಲಾಜಿಕಲ್ ಕಾಲೇಜಿನವರು ಪಾಠ ಮಾಡಿದರೆ ಸಾಕಲ್ವಾ, ಆರ್ಕೈವ್ಸ್ (ಹಳೆಯ ದಾಖಲೆ, ಪುಸ್ತಕಗಳ ಸಂಗ್ರಹ), ಆಪ್ತಸಲಹೆ ಕೇಂದ್ರ ಅಂತೆಲ್ಲ ಯಾಕೆ, ಹಳ್ಳಿಯ ಸಭೆಗೆ ಅದರಿಂದ ಏನು ಸಿಗುತ್ತದೆ ಎಂದು ಕೇಳಿದ್ದೀರಿ. ತುಂಬಾನೇ ಸಿಗುತ್ತದೆ.

ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜನ್ನೇ ನೋಡಿ. ಅಲ್ಲಿನ ಆರ್ಕೈವ್ಸ್‌ನಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಕಾಲದ ಕನ್ನಡ, ತುಳು ಪುಸ್ತಕಗಳಿವೆ. ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಮಿಷನರಿ ಮೋಗ್ಲಿಂಗ್ 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಶುರು ಮಾಡಿದರು, ಇನ್ನೊಬ್ಬ ಮಿಷನರಿ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂತು. ಇದು ಸುಮ್ನೆ ಹಳೇ ಕಾಗದ ಅಲ್ಲ. ಕಿಟ್ಟೆಲ್ ಯೇಸುವಿನ ಕಥೆಯನ್ನು ಕನ್ನಡದ ಪದ್ಯದಲ್ಲಿ ಹೇಳಲು ಹೊರಟರು, ಅದನ್ನು ಓದಿದ ವಿದ್ಯಾರ್ಥಿ ನಾಳೆ ಸಭಾಪಾಲಕನಾಗಿ ನಿಂತಾಗ ಜನರ ಮಾತಿನಲ್ಲೇ ಸುವಾರ್ತೆ ಹೇಳಬೇಕು ಅಂತ ಯೋಚಿಸುತ್ತಾನೆ, ಅನುವಾದದ ವಾಸನೆ ಹೊಡೆಯುವ ಉಪದೇಶ ಕೇಳಿ ಸಾಕಾಗಿರುವ ನನ್ನಂಥವರಿಗೆ ಅದರ ಬೆಲೆ ಗೊತ್ತು.

ಆಪ್ತಸಲಹೆಯ ತರಬೇತಿ ಇನ್ನೂ ಹತ್ತಿರದ ವಿಷಯ. ನಮ್ಮ ತಂದೆ ತೀರಿಕೊಂಡಾಗ ಬಂದ ಪಾದ್ರಿಗಳು ಮೊದಲು ಬೈಬಲ್ ವಚನ ಹೇಳಲಿಲ್ಲ. ಅಮ್ಮನ ಪಕ್ಕ ಸುಮ್ಮನೆ ಕೂತು ಅವರ ಮಾತು ಪೂರ್ತಿ ಕೇಳಿಸಿಕೊಂಡರು. ಹಾಗೆ ಕೂರುವುದನ್ನು ತರಬೇತಿಯಲ್ಲಿ ಆಸ್ಪತ್ರೆ ವಾರ್ಡುಗಳಲ್ಲಿ ಕಲಿತೆ ಎಂದು ಆಮೇಲೆ ಹೇಳಿದರು.

ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಿನಲ್ಲೂ, ಅದು 1910ರದ್ದು, ಒಳ್ಳೆಯ ಆರ್ಕೈವ್ಸ್ ಇದೆ. ನಿಮ್ಮ ಸಭೆಯ ಹಳೆಯ ದಾಖಲೆ ಪುಸ್ತಕಗಳು ಗೆದ್ದಲು ಹಿಡಿಯುತ್ತಿದ್ದರೆ ಇಂಥ ಕಡೆ ಮೊದಲು ಪತ್ರ ಬರೆದು, ಹೇಗೆ ಕಾಪಾಡುವುದು ಅಂತ ಕೇಳಿ.